ಸಾಲಿಗೆ ಹೊಸಬರಾದ ತಂದೆ-ತಾಯಂದಿರಿಗೆ

ಕಬ್ಬಿನ ಟ್ರ್ಯಾಕ್ಟರುಗಳ ಓಡಾಟ ನಿಂತು ಬೇವು ಹೂ ಬಿಟ್ಟಿತೆಂದರೆ ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯಲ್ಲಿ ಸಾಲಿಯ ವರ್ಷವೂ ಮುಗಿಯಲು ಬಂತು. ಸಾಮಾನ್ಯವಾಗಿ ಏಪ್ರಿಲ್ 10ರ ಸುಮಾರಿಗೆ ಫಲಿತಾಂಶ, ಆಮೇಲೆ ಬೇಸಿಗೆ ರಜೆ, ಮೇ 29ರ ಹೊತ್ತಿಗೆ ಮತ್ತೆ ಗಂಟೆ. ಮೊದಲ ಮಗುವನ್ನು ಸಾಲಿಗೆ ಹಾಕುವವರು, ಬೇರೆ ಊರಿಂದ ಬಂದವರು ಜೂನ್‌ನಲ್ಲಿ ನೋಡಿದರಾಯಿತು ಎನ್ನುತ್ತಾರೆ. ಆಗ ಹೆಡ್‌ಮಾಸ್ತರರ ಮುಂದೆ ಊರಿಗೆ ಊರೇ ನಿಂತಿರುತ್ತದೆ. ಈಗಲೇ ಬನ್ನಿ.

ದಾಖಲಾತಿ ವಹಿಯಿಂದ ಶುರು ಮಾಡೋಣ. ನಮ್ಮ ಹಿರಿಯರಲ್ಲಿ ಎಷ್ಟು ಮಂದಿ ಜೂನ್ 1ರಂದು ಹುಟ್ಟಿದ್ದಾರೆ, ಲೆಕ್ಕ ಹಾಕಿ ನೋಡಿ! ಹುಟ್ಟಿದ ದಿನ ಮನೆಯವರಿಗೆ ನೆನಪಿಲ್ಲ, ಮಗುವಿಗೆ ವಯಸ್ಸಂತೂ ತುಂಬಬೇಕು. ಮಾಸ್ತರರೇ ಜೂನ್ 1 ಎಂದು ಬರೆದುಬಿಡುತ್ತಿದ್ದರು. ಅಂದು ಅದು ಉಪಕಾರ, ಇಂದು ನಡೆಯದು. ವಹಿಯಲ್ಲಿ ಬರೆದ ಹೆಸರು, ಅಡ್ಡಹೆಸರು, ಹುಟ್ಟಿದ ದಿನಾಂಕ ಸ್ಯಾಟ್ಸ್ ಎಂಬ ಶಿಕ್ಷಣ ಇಲಾಖೆಯ ಗಣಕಕ್ಕೆ ಏರುತ್ತದೆ, ಅಲ್ಲಿಂದ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯವರೆಗೂ ಬೆನ್ನು ಬಿಡದು. ಜನನ ಪ್ರಮಾಣಪತ್ರದಲ್ಲಿ ಒಂದು, ಆಧಾರ್‌ನಲ್ಲಿ ಇನ್ನೊಂದು ಇದ್ದರೆ ರಜೆಯಲ್ಲೇ ತಿದ್ದಿಸಿ. ಜಾತಿ, ಆದಾಯ ಪ್ರಮಾಣಪತ್ರಕ್ಕೆ ನಿಮ್ಮ ಹೋಬಳಿಯ ನಾಡಕಚೇರಿಗೆ ಹೋಗಬೇಕು. ವಿದ್ಯಾರ್ಥಿವೇತನಕ್ಕೆ ಅದರ ಮೇಲಿನ ಆರ್‌ಡಿ ಸಂಖ್ಯೆಯನ್ನೇ ಕೇಳುತ್ತಾರೆ. ಹಾಗೆಂದು ಕಾಗದವಿಲ್ಲವೆಂದು ಮಗುವನ್ನು ಮನೆಯಲ್ಲಿ ಇಟ್ಟುಕೊಳ್ಳಬೇಡಿ. ವಯಸ್ಸಿನ ದಾಖಲೆ ಇಲ್ಲವೆಂಬ ಕಾರಣಕ್ಕೆ ಪ್ರವೇಶ ನಿರಾಕರಿಸುವಂತಿಲ್ಲ ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆಯೇ ಹೇಳುತ್ತದೆ.

ಒಂದನೇ ತರಗತಿಗೆ ಜೂನ್ 1ಕ್ಕೆ 6 ವರ್ಷ ತುಂಬಿರಬೇಕು ಎಂಬುದು ನಿಯಮ. 2025-26ಕ್ಕೆ ಅದನ್ನು 5 ವರ್ಷ 5 ತಿಂಗಳಿಗೆ ಸಡಿಲಿಸಿದ್ದರು, ಹಾಗಾಗಿ ನೆರೆಮನೆಯವರ ಮಾತು ನಂಬದೆ ಆಯಾ ವರ್ಷದ ಸುತ್ತೋಲೆಯನ್ನು ಸಾಲಿಯಲ್ಲೇ ಕೇಳಿ. ನನ್ನನ್ನು ಕೇಳಿದರೆ ಆರು ತಿಂಗಳು ತಡವಾದರೆ ಏನೂ ಕೆಡುವುದಿಲ್ಲ. ಅಂಗನವಾಡಿ ಇದ್ದೇ ಇದೆ.

ಕಬ್ಬು ಕಡಿಯಲು ಬಂದವರು, ಕೆಲಸಕ್ಕೆಂದು ಕೊಲ್ಹಾಪುರ, ಗೋವಾ ಕಡೆ ಹೋಗಿ ಬಂದವರು ಟಿಸಿ ಇಲ್ಲವೆಂದು ಹೆದರಿ ಸಾಲಿಯ ಗೇಟಿನ ಹೊರಗೇ ನಿಲ್ಲುತ್ತಾರೆ. ಟಿಸಿ ತಡವಾದರೂ ಪ್ರವೇಶ ಕೊಡಲೇಬೇಕು. ಅದೇ ಕಾಯ್ದೆಯ ಪ್ರಕಾರ ಮಗುವನ್ನು ಕೂರಿಸುವುದು ವಯಸ್ಸಿಗೆ ತಕ್ಕ ತರಗತಿಯಲ್ಲಿ. ಊರಲ್ಲಿ ಬಗೆಹರಿಯದಿದ್ದರೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿ ಇದೆ. ಅದಕ್ಕೂ ಮೇಲೆ ಹೋಗಬೇಕಾದರೆ ಬೆಳಗಾವಿಗೆ ಬಸ್ಸು ಹತ್ತಬೇಡಿ: ಜಿಲ್ಲೆ ಬೆಳಗಾವಿಯಾದರೂ ಸಾಲಿಯ ಲೆಕ್ಕದಲ್ಲಿ ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಗೆ ಸೇರಿದವು.

ಇನ್ನು ಪ್ರಗತಿ ಪತ್ರ. ಕೈಗೆ ಬಂದಕೂಡಲೇ "ಎಷ್ಟನೇ ನಂಬರ್?" ಎಂದು ಕೇಳುವವರೇ ಹೆಚ್ಚು. ಅದರಲ್ಲಿ ನಂಬರಿಲ್ಲ, ಶ್ರೇಣಿ ಇದೆ. ಸರ್ಕಾರಿ ಸಾಲಿಯಲ್ಲಿ ಒಂದರಿಂದ ಮೂರನೆಯವರೆಗೆ ನಲಿ-ಕಲಿ, 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಹುಟ್ಟಿದ ಪದ್ಧತಿ. ಮೂರೂ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಗುಂಪುಗುಂಪಾಗಿ ನೆಲಕ್ಕೆ ಕೂತು ಕಾರ್ಡು ಹಿಡಿದಿರುತ್ತಾರೆ. ಒಂದು ಮೆಟ್ಟಿಲು ಮುಗಿಸಿದವರು ಮುಂದಿನದಕ್ಕೆ ಹತ್ತುತ್ತಾರೆ. ಹೊಸಬರಿಗೆ ಇದು ಗದ್ದಲವಾಗಿ ಕಾಣುತ್ತದೆ. ನೀವು ಅಕ್ಕೋರನ್ನು ಕೇಳಬೇಕಾದ್ದು "ನಮ್ಮ ಹುಡುಗಿ ಯಾವ ಮೆಟ್ಟಿಲಲ್ಲಿದ್ದಾಳೆ, ಒತ್ತಕ್ಷರ ಓದುತ್ತಾಳಾ?" ಎಂದು. ಓದದಿದ್ದರೆ ರಜೆಯಲ್ಲಿ ಟ್ಯೂಷನ್ನಿಗೆ ರೊಕ್ಕ ಸುರಿಯುವುದು ಬೇಡ. ಬಸ್ಸಿನ ಬೋರ್ಡು, ಲಗ್ನಪತ್ರಿಕೆ, ಕರದಂಟಿನ ಪೊಟ್ಟಣ, ಕೈಗೆ ಸಿಕ್ಕಿದ್ದನ್ನೆಲ್ಲ ಓದಿಸಿ.

ರಜೆಯಲ್ಲಿ ನನಗಿರುವ ದೊಡ್ಡ ಭಯ ಕಾಲುವೆಯದು. ಧೂಪದಾಳದಿಂದ ಹೊರಡುವ ಘಟಪ್ರಭಾ ಎಡದಂಡೆ ಕಾಲುವೆಗೆ ಹಿಡಕಲ್ ಜಲಾಶಯದ ನೀರು ಬಿಟ್ಟರೆ, ನಿನ್ನೆ ಮಕ್ಕಳು ಆಡಿದ ಒಣ ಕಾಲುವೆ ಇಂದು ತುಂಬಿ ಹರಿಯುತ್ತದೆ. ಇಳಿಜಾರಿನ ಕಾಂಕ್ರೀಟು ಪಾಚಿ ಕಟ್ಟಿ ಜಾರುತ್ತದೆ, ಹಿಡಿಯಲು ಏನೂ ಸಿಗದು. ಈಜು ಬಲ್ಲ ಹಿರಿಯರಿಲ್ಲದೆ ಯಾರನ್ನೂ ಇಳಿಸಬೇಡಿ.

ಐದು ದಾಟಿದ ಮಗುವಿಗೆ ಡಿಪಿಟಿ ಬೂಸ್ಟರ್ ಹಾಕಿಸಿದ್ದೀರಾ ಎಂದು ಆಶಾ ಕಾರ್ಯಕರ್ತೆಯ ಹತ್ತಿರ ಒಮ್ಮೆ ಖಾತ್ರಿ ಮಾಡಿಕೊಳ್ಳಿ. ಸರ್ಕಾರಿ ಸಾಲಿಯಾದರೆ ಪಠ್ಯಪುಸ್ತಕ ಕೊಳ್ಳಬೇಡಿ, ಪುಕ್ಕಟೆ ಬರುತ್ತದೆ. ಬಿಸಿಯೂಟದ ಜೊತೆ ಮೊಟ್ಟೆ ಕೊಡುವ ದಿನ ನಿಮ್ಮ ಮಗು ತಿನ್ನದಿದ್ದರೆ ಬಾಳೆಹಣ್ಣು ಸಿಗುತ್ತದೆ. ಯಾವುದು ಬೇಕೆಂದು ಮೊದಲ ದಿನವೇ ಅಕ್ಕೋರಿಗೆ ಹೇಳಿಬಿಡಿ.