ಟಂಕಸಾಲೆಯ ತಪ್ಪು: ಗುರುತು ಮತ್ತು ಬೆಲೆ

ದೋಷವುಳ್ಳ ವಸ್ತುವಿನ ಬೆಲೆ ಇಳಿಯುವುದು ಲೋಕರೂಢಿ. ನಾಣ್ಯಸಂಗ್ರಹದಲ್ಲಿ ಮಾತ್ರ ಇದಕ್ಕೆ ಅಪವಾದವುಂಟು. ಟಂಕಸಾಲೆಯವರ ಕಣ್ತಪ್ಪಿಸಿ ಹೊರಬಂದ ದೋಷಯುಕ್ತ ನಾಣ್ಯವು ತನ್ನ ಮುಖಬೆಲೆಯ ಹಲವು ಪಟ್ಟು ಬೆಲೆ ಪಡೆಯುವುದುಂಟು. ಈ ಸಂಗತಿಯೇ ವಂಚನೆಗೂ ಆಸ್ಪದವಾಗಿದೆ. ಹಳೆಯ ನಾಣ್ಯ, ನೋಟುಗಳ ವ್ಯವಹಾರದಲ್ಲಿ ತನ್ನ ಹೆಸರು ಹೇಳಿ ಶುಲ್ಕ ಕೇಳುವವರ ಬಗೆಗೆ ರಿಸರ್ವ್ ಬ್ಯಾಂಕು 2021ರಲ್ಲಿ ಸಾರ್ವಜನಿಕರನ್ನು ಎಚ್ಚರಿಸಬೇಕಾಯಿತು. ಆದುದರಿಂದ ನಿಜವಾದ ಮುದ್ರಣದೋಷ ಯಾವುದೆಂಬ ತಿಳಿವಳಿಕೆ ಸಂಗ್ರಾಹಕರಿಗಷ್ಟೇ ಅಲ್ಲ, ಎಲ್ಲರಿಗೂ ಅವಶ್ಯ.

ದೋಷವನ್ನು ಅರಿಯಲು ಮೊದಲು ನಾಣ್ಯ ಹುಟ್ಟುವ ಕ್ರಮವನ್ನು ಅರಿಯಬೇಕು. ಲೋಹದ ಪಟ್ಟಿಯಿಂದ ದುಂಡು ಬಿಲ್ಲೆಗಳನ್ನು ಕತ್ತರಿಸುವುದು ಒಂದು ಕೆಲಸ. ಅಚ್ಚನ್ನು ಸಿದ್ಧಪಡಿಸುವುದು ಇನ್ನೊಂದು. ಉಕ್ಕಿನ ಬಳೆಯೊಳಗೆ ಕುಳಿತ ಬಿಲ್ಲೆಯನ್ನು ಎರಡು ಅಚ್ಚುಗಳ ನಡುವೆ ಒತ್ತುವುದು ಮೂರನೆಯದು. ನಿಜವಾದ ದೋಷವು ಈ ಮೂರರಲ್ಲಿ ಒಂದರಲ್ಲಿ ಹುಟ್ಟಿರಬೇಕು.

ಬಿಲ್ಲೆಯ ದೋಷ: ಮೊದಲೇ ಕತ್ತರಿಸಿದ ಜಾಗದ ಮೇಲೆ ಕತ್ತರಿಯಂತ್ರ ಮತ್ತೆ ಬಿದ್ದರೆ ಬಿಲ್ಲೆಯ ಒಂದು ಬದಿ ಕಮಾನಿನಂತೆ ಕಡಿಮೆಯಾಗುತ್ತದೆ. ಅಂತಹ ನಾಣ್ಯದಲ್ಲಿ ಅದರ ನೇರ ಎದುರಿನ ಅಂಚೂ ಹಲವೊಮ್ಮೆ ಮಸುಕಾಗಿರುತ್ತದೆ. ಅರದಿಂದ ಉಜ್ಜಿದ ನಾಣ್ಯದಲ್ಲಿ ಈ ಲಕ್ಷಣ ಕಾಣದು. ಲೋಹವೇ ಬದಲಾಗುವುದೂ ಉಂಟು. ಯುದ್ಧಕಾಲದಲ್ಲಿ ತಾಮ್ರವನ್ನು ಉಳಿಸಲು ಅಮೆರಿಕವು 1943ರಲ್ಲಿ ಒಂದು ಸೆಂಟ್ ನಾಣ್ಯವನ್ನು ಸತುವು ಲೇಪಿಸಿದ ಉಕ್ಕಿನಲ್ಲಿ ಮುದ್ರಿಸಿತು. ಉಳಿದಿದ್ದ ಕೆಲವೇ ಕಂಚಿನ ಬಿಲ್ಲೆಗಳು ಅವುಗಳೊಡನೆ ಸೇರಿ ಅಚ್ಚಾದವು. ಇಂದು ಅವು ಅತ್ಯಮೂಲ್ಯ. ಉಕ್ಕಿನ ಸೆಂಟಿಗೆ ತಾಮ್ರ ಲೇಪಿಸಿ ಮಾರುವವರೂ ಹುಟ್ಟಿಕೊಂಡರು. ಆದರೆ ಉಕ್ಕು ಅಯಸ್ಕಾಂತಕ್ಕೆ ಅಂಟುತ್ತದೆ, ಕಂಚು ಅಂಟದು. ತೂಕವೂ ಬೇರೆ: ಕಂಚಿನದು 3.11 ಗ್ರಾಂ, ಉಕ್ಕಿನದು ಸುಮಾರು 2.7 ಗ್ರಾಂ.

ಅಚ್ಚಿನ ದೋಷ: ಅಚ್ಚು ಬಿರಿದರೆ ಆ ಬಿರುಕಿನೊಳಗೆ ಲೋಹ ನುಗ್ಗಿ ನಾಣ್ಯದ ಮೇಲೆ ಉಬ್ಬಿದ ಗೆರೆ ಮೂಡುತ್ತದೆ. ತಗ್ಗಾದ ಗೆರೆ ಸಾಮಾನ್ಯವಾಗಿ ನಂತರ ಬಿದ್ದ ಗೀರು. ಅಚ್ಚಿನ ದೋಷ ಅನೇಕ ನಾಣ್ಯಗಳಲ್ಲಿ ಪುನರಾವರ್ತನೆಯಾಗುವುದರಿಂದ ಬಹುಮಟ್ಟಿಗೆ ಅಗ್ಗ. ಆದರೂ ಅಕ್ಷರಗಳು ಜೋಡಿಯಾಗಿ ಕಾಣುವ 1955ರ ಅಮೆರಿಕದ ಸೆಂಟ್, ದೋಷವು ಬರಿಗಣ್ಣಿಗೇ ಗೋಚರಿಸುವುದರಿಂದ ಪ್ರಸಿದ್ಧವಾಯಿತು.

ಒತ್ತುವಿಕೆಯ ದೋಷ: ಬಿಲ್ಲೆ ಸರಿದರೆ ಚಿತ್ರ ಒಂದು ಬದಿಗೆ ಜಾರುತ್ತದೆ. ಹಿಂದಿನ ನಾಣ್ಯ ಅಚ್ಚಿಗೆ ಅಂಟಿಕೊಂಡರೆ ಮುಂದಿನ ನಾಣ್ಯದ ಒಂದು ಮುಖದಲ್ಲಿ ಚಿತ್ರ ಉಬ್ಬಿರುತ್ತದೆ. ಇನ್ನೊಂದು ಮುಖದಲ್ಲಿ ಅದೇ ಚಿತ್ರ ತಗ್ಗಾಗಿ, ಕನ್ನಡಿಯಲ್ಲಿ ಕಂಡಂತೆ ತಿರುವುಮುರುವಾಗಿರುತ್ತದೆ. ಇದಕ್ಕೆ ಬ್ರಾಕೇಜ್ ಎಂದು ಹೆಸರು.

ಎಲ್ಲ ವಿಕಾರವೂ ದೋಷವಲ್ಲ. ಸುತ್ತಿಗೆಯಿಂದ ಬಡಿದು ಮಾಡಿದ ಮುಮ್ಮಡಿ ಕೃಷ್ಣರಾಜ ಒಡೆಯರ ತಾಮ್ರದ ಕಾಸುಗಳಲ್ಲಿ ಅಕ್ಷರಗಳು ಅಂಚಿನಾಚೆಗೆ ಹೋಗಿರುವುದು ಆ ಕಾಲದ ಕೆಲಸದ ಸ್ವಭಾವ. 1911ರ ಐದನೆಯ ಜಾರ್ಜ್ ದೊರೆಯ ರೂಪಾಯಿಯಲ್ಲಿ ಆನೆ ಹಂದಿಯಂತೆ ಕಂಡು ಆಕ್ಷೇಪ ಬಂದು, 1912ರಲ್ಲಿ ಚಿತ್ರವನ್ನು ತಿದ್ದಿದರು. ಅದು ವಿನ್ಯಾಸದ ದೋಷವೇ ಹೊರತು ಮುದ್ರಣದ್ದಲ್ಲ. ಸವೆತ, ಸುಟ್ಟ ಕಲೆ, ಸುತ್ತಿಗೆಯ ಪೆಟ್ಟು ಇವಕ್ಕೆ ಬೆಲೆಯಿಲ್ಲ.

ಬೆಲೆಯನ್ನು ನಿರ್ಧರಿಸುವವು ನಾಲ್ಕು: ವಿರಳತೆ, ದೋಷದ ಸ್ಪಷ್ಟತೆ, ನಾಣ್ಯದ ಸ್ಥಿತಿ, ಕೊಳ್ಳುವವರ ಅಪೇಕ್ಷೆ. ಚಿತ್ರ ಜಾರಿದ್ದರೂ ಇಸವಿ ಓದಲು ಬಂದರೆ ಬೆಲೆ ಹೆಚ್ಚು. ಹುಳಿ ಹಚ್ಚಿ ತಿಕ್ಕಿದರೆ ಬೆಲೆ ಹೋಯಿತೆಂದೇ ತಿಳಿಯಬೇಕು. ಮಾರುವವನು ಹೇಳುವ ಬೆಲೆ ಪ್ರಮಾಣವಲ್ಲ; ಹರಾಜಿನಲ್ಲಿ ನಿಜವಾಗಿ ಸಂದ ಬೆಲೆಯೇ ಪ್ರಮಾಣ.

ಒಂದು ಭೂತಗನ್ನಡಿ, ಒಂದು ತಕ್ಕಡಿ, ಒಂದು ಅಯಸ್ಕಾಂತ: ಈ ಪಾಠಕ್ಕೆ ಬೇಕಾದ ಸಲಕರಣೆ ಇಷ್ಟೇ. ‘ಇದರ ಬೆಲೆಯೆಷ್ಟು?’ ಎನ್ನುವ ಮೊದಲು ‘ಇದು ಹೀಗಾದದ್ದು ಹೇಗೆ?’ ಎಂದು ಕೇಳುವುದನ್ನು ಮಕ್ಕಳಿಗೆ ಕಲಿಸಿದರೆ, ಅವರು ನಾಣ್ಯದ ವಿಷಯದಲ್ಲಿ ಮಾತ್ರವಲ್ಲ, ಬೇರೆಡೆಯಲ್ಲಿಯೂ ಸುಲಭವಾಗಿ ಮೋಸಹೋಗರು.