ಸ್ವಾಮಿಮಲೈಯ ಎರಕದ ಮನೆ

ತಮಿಳುನಾಡಿನ ಕುಂಭಕೋಣದ ಸಮೀಪದಲ್ಲಿರುವ ಸ್ವಾಮಿಮಲೈಯ ಸ್ಥಪತಿಗಳು ಚೋಳರ ಕಾಲದ ಎರಕದ ವಿಧಾನವನ್ನು ಇಂದಿಗೂ ಉಳಿಸಿಕೊಂಡಿದ್ದಾರೆ. ಅನೇಕರಿಗೆ ಮನೆಯೇ ಅಂಗಡಿ, ಹಿತ್ತಿಲೇ ಕುಲುಮೆ. ಮುಂಗಡ ಪಡೆದ ಸ್ಥಪತಿಯು ತೆಂಗಿನ ಗರಿಯನ್ನು ಮಡಿಸಿ ಅಳತೆಗಳನ್ನು ಗುರುತಿಸುತ್ತಾನೆ. ಜೇನುಮೇಣಕ್ಕೆ ರಾಳ ಬೆರೆಸಿ ಮೂರ್ತಿಯನ್ನು ರೂಪಿಸುತ್ತಾನೆ. ಅದರ ಮೇಲೆ ಕಾವೇರಿಯ ನುಣುಪಾದ ಮೆಕ್ಕಲುಮಣ್ಣನ್ನು ಮೆತ್ತಿ, ಒಣಗಿಸಿ, ಕಾಯಿಸಿದರೆ ಮೇಣವು ಕರಗಿ ಹರಿದುಹೋಗುತ್ತದೆ. ಬರಿದಾದ ಆ ಎಡೆಗೆ ಕರಗಿದ ಲೋಹವನ್ನು ಹೊಯ್ಯುತ್ತಾರೆ. ಅಚ್ಚನ್ನು ಒಡೆಯದೆ ವಿಗ್ರಹವು ಹೊರಬಾರದು. ಆದ್ದರಿಂದ ಒಂದು ಅಚ್ಚಿಗೆ ಒಂದೇ ಮೂರ್ತಿ. ಕೊಳ್ಳುವವರಾದರೋ ಮೊದಲು ತೂಕವನ್ನು ವಿಚಾರಿಸಿ, ತಾಮ್ರದ ಪೇಟೆ ಧಾರಣೆಯನ್ನು ಮುಂದಿಟ್ಟು ಚೌಕಾಸಿಗೆ ತೊಡಗುವುದುಂಟು. ಮೇಣವನ್ನು ತಿದ್ದಿದ ದಿನಗಳು ತಕ್ಕಡಿಗೆ ಬರುವುದಿಲ್ಲವಷ್ಟೆ! ಅಚ್ಚಿನೊಳಗೆ ಗಾಳಿ ಸಿಲುಕಿ ಬೆರಳೊಂದು ಮೂಡದೆ ಹೋದರೆ ನಷ್ಟವೆಲ್ಲ ಸ್ಥಪತಿಯದೇ. ಲೋಹವನ್ನು ಮರಳಿ ಕರಗಿಸಬಹುದು. ಮೂರ್ತಿಯನ್ನು ಮಾತ್ರ ಮೇಣದಿಂದಲೇ ಮತ್ತೆ ಆರಂಭಿಸಬೇಕು. ಮುಂಗಡವು ಅಷ್ಟರಲ್ಲಿ ಖರ್ಚಾಗಿರುತ್ತದೆ.