‘ಅಪ್ಪ ದುಬೈಲಿ ಇದ್ದಾನೆ’

ಅಪ್ಪ ಊರಲ್ಲಿಲ್ಲದ ಮನೆ ನಮ್ಮ ಕರಾವಳಿಗೆ ಹೊಸದಲ್ಲ. ಭಟ್ಕಳದಿಂದ ಕೊಲ್ಲಿ ದೇಶಕ್ಕೆ ಹೋದವರು, ಹೊನ್ನಾವರದ ಕಾಸರಕೋಡು, ಮಂಕಿ ಕಡೆಯಿಂದ ಮಲ್ಪೆ, ಗೋವಾದ ಬೋಟು ಹತ್ತಿದವರು, ಕುಮಟಾದಿಂದ ಮುಂಬೈಗೆ ದುಡಿಯಲು ಹೋದವರು, ದೀಪಾವಳಿ ಕಳೆದದ್ದೇ ಮೇಳದ ಜೊತೆ ಹೊರಟ ಯಕ್ಷಗಾನ ಕಲಾವಿದರು. ಈ ಮೂರೂ ತಾಲೂಕುಗಳ ಶಾಲೆಗಳಲ್ಲಿ ಅಕ್ಕೋರಾಗಿದ್ದ ನನಗೆ ಮಕ್ಕಳ ಹಾಜರಿಯಷ್ಟೇ ಅವರ ಅಪ್ಪಂದಿರ ಗೈರುಹಾಜರಿಯೂ ಬಾಯಿಪಾಠವಾಗಿತ್ತು. ಇಂಥ ಅಗಲಿಕೆಯನ್ನು ನಮ್ಮ ಹೆಂಗಸರು ಚೆನ್ನಾಗಿಯೇ ನಿಭಾಯಿಸುತ್ತಾರೆ. ಗಂಡ ಹೆಂಡತಿ ಬೇರೆಯಾದಾಗ ಮಾತ್ರ ಮಗುವಿಗೆ ಏನು ಹೇಳಬೇಕೆಂದು ಯಾರಿಗೂ ತಿಳಿಯುವುದಿಲ್ಲ. ಆಗ ಹಳೆಯ ಅಗಲಿಕೆಯ ಮಾತನ್ನೇ ಕಡ ತರುತ್ತಾರೆ: ‘ಅಪ್ಪ ದುಬೈಲಿ ಇದ್ದಾನೆ.’

ಬೇರೆ ಊರಲ್ಲಾದರೆ ಈ ಸುಳ್ಳು ನಾಲ್ಕು ದಿನ ನಡೆದೀತು. ಇಲ್ಲಿ ನಡೆಯದು, ಯಾಕೆಂದರೆ ಇಲ್ಲಿನ ಮಕ್ಕಳಿಗೆ ದುಬೈ ಗೊತ್ತು. ಅಲ್ಲಿನ ಗಡಿಯಾರ ನಮಗಿಂತ ಒಂದೂವರೆ ತಾಸು ಹಿಂದೆ ಎಂದು ಎರಡನೇ ಇಯತ್ತೆಯ ಹುಡುಗಿಯೂ ಹೇಳುತ್ತಾಳೆ. ಅಲ್ಲಿಗೆ ವಾಟ್ಸ್‌ಆಪ್ ಕಾಲ್ ಹೋಗುವುದಿಲ್ಲ, ಬೋಟಿಮ್ ಬೇಕು ಎನ್ನುವುದೂ ಗೊತ್ತು. ಮೊದಲೆಲ್ಲ ಶುಕ್ರವಾರ ಬರುತ್ತಿದ್ದ ಅಪ್ಪನ ಫೋನು 2022ರ ಜನವರಿಯಲ್ಲಿ ಅಲ್ಲಿನ ವಾರದ ರಜೆ ಬದಲಾದ ಮೇಲೆ ಭಾನುವಾರಕ್ಕೆ ಸರಿದದ್ದೂ ಗೊತ್ತು. ಪಕ್ಕದಲ್ಲಿ ಕೂತವಳ ಅಪ್ಪ ರಜೆಗೆ ಬಂದಾಗ ಹಗ್ಗ ಬಿಗಿದ ಪೆಟ್ಟಿಗೆ ಇಳಿದದ್ದನ್ನು ಎಲ್ಲರೂ ನೋಡಿರುತ್ತಾರೆ. ಹೀಗಿರುವಾಗ ಒಬ್ಬ ಹುಡುಗ ನನ್ನ ಮೇಜಿನ ಹತ್ತಿರ ಬಂದು, ‘ಅಕ್ಕೋರೆ, ನಮ್ಮಪ್ಪ ಇರೂ ದುಬೈಲಿ ಫೋನ್ ಇಲ್ವಾ?’ ಎಂದು ಕೇಳಿದ. ಅವನ ಅಪ್ಪ ಇದ್ದದ್ದು ಶರಾವತಿ ಸೇತುವೆಯ ಆಚೆ.

ಸುಳ್ಳು ತಿಳಿಯುತ್ತದೆ ಎನ್ನುವುದು ನನ್ನ ಮುಖ್ಯ ಚಿಂತೆಯಲ್ಲ. ಅದು ತಿಳಿಯುವ ಮೊದಲು ಮಗು ತಾನೇ ಒಂದು ಕಾರಣ ಕಟ್ಟಿಕೊಂಡಿರುತ್ತದೆ, ಆ ಕಾರಣ ಹೆಚ್ಚಾಗಿ ತಾನೇ ಆಗಿರುತ್ತದೆ. ಮಗ್ಗಿ ಬಾರದ್ದಕ್ಕೆ, ಹೊಸ ಚಪ್ಪಲಿ ಕಳೆದದ್ದಕ್ಕೆ ಅಪ್ಪ ಮನೆ ಬಿಟ್ಟ ಎಂದು ನಂಬಿದ ಮಕ್ಕಳನ್ನು ನೋಡಿದ್ದೇನೆ. ಆದ್ದರಿಂದ ತಾಯಂದಿರಿಗೆ ನಾನು ಹೇಳುತ್ತಿದ್ದದ್ದು ಇಷ್ಟೇ: ಜಗಳದ ಕತೆ ಬೇಡ, ಯಾರದು ತಪ್ಪು ಎನ್ನುವುದಂತೂ ಬೇಡವೇ ಬೇಡ. ಅಪ್ಪ ಎಲ್ಲಿದ್ದಾನೆ, ಯಾವತ್ತು ನೋಡಬಹುದು, ನಿನ್ನಿಂದ ಏನೂ ಆಗಿಲ್ಲ. ಆದರೆ ಒಂದೇ ಸಲ ಹೇಳಿದರೆ ಸಾಲದು, ಮಗು ಕೇಳಿದಾಗಲೆಲ್ಲ ಹೇಳಬೇಕು.

ಕೆಟ್ಟ ಸುದ್ದಿ ಮುಚ್ಚಿಟ್ಟರೆ ಉಳಿಯುವುದಿಲ್ಲ ಎನ್ನುವುದು 2018ರಲ್ಲಿ ಕಂಡದ್ದೇ. ದುಬೈಯ ದೋಣಿಗಳಲ್ಲಿ ದುಡಿಯುತ್ತಿದ್ದ ಈ ಕಡೆಯ 18 ಮೀನುಗಾರರನ್ನು ಇರಾನ್ ಹಿಡಿದಿಟ್ಟಾಗ ಮನೆಗಳಲ್ಲಿ ಟಿವಿ ಬಂದ್ ಮಾಡಿದರು. ಮಕ್ಕಳಿಗೆ ಸುದ್ದಿ ಮೀನುಪೇಟೆಯಲ್ಲೇ ಸಿಕ್ಕಿತು.

ಹಾಗೆಂದು ದುಬೈ ಮನೆಗಳಿಂದ ಕಲಿಯುವುದು ಏನೂ ಇಲ್ಲ ಎಂದಲ್ಲ. ಅಲ್ಲಿ ಫೋನಿಗೆ ಒಂದು ಹೊತ್ತಿದೆ. ಬೋಟಿನ ಮನೆಗಳಲ್ಲಿ ಜೂನ್, ಜುಲೈ ಎರಡು ತಿಂಗಳು ಮೀನುಗಾರಿಕೆಗೆ ನಿಷೇಧ, ಆಗ ಅಪ್ಪ ಮನೆಯಲ್ಲಿರುತ್ತಾನೆಂದು ಮಗುವಿಗೆ ಖಾತ್ರಿ ಇರುತ್ತದೆ. ಬೇರೆಯಾದ ಅಪ್ಪಂದಿರು ಹತ್ತು ಕಿಲೋಮೀಟರ್ ಆಚೆಗಿದ್ದೂ ಈ ಖಾತ್ರಿ ಕೊಡುವುದಿಲ್ಲ. ಮನಸ್ಸು ಬಂದಾಗ ಬರುತ್ತಾರೆ, ಬಂದಾಗ ಪೇಟೆಯನ್ನೇ ಹೊತ್ತು ತರುತ್ತಾರೆ. ಅಂಥ ಒಬ್ಬರು ಮಧ್ಯಾಹ್ನದ ಬಿಡುವಿನಲ್ಲಿ ಶಾಲೆಯ ಗೇಟಿನ ಹತ್ತಿರ ನಿಂತಿದ್ದರು, ಕೈಯಲ್ಲಿ ಮೂರು ವರ್ಷದ ಮಗುವಿಗಾಗುವ ಆಟಿಕೆ. ಮಗಳಿಗೆ ಆಗ ಎಂಟು ದಾಟಿತ್ತು. ತಾಯಿಗೆ ತಿಳಿಸದೆ ಮಗುವನ್ನು ಕಳಿಸುವಂತಿಲ್ಲ. ಹಾಗಂತ ಅವರನ್ನು ಬೈದಟ್ಟುವುದೂ ಸಲ್ಲದು. ಒಳಗೆ ಕರೆದು ಕೂರಿಸಿ, ತಾಯಿಗೆ ಫೋನು ಮಾಡಿ, ಅಷ್ಟರಲ್ಲಿ ಮಗಳ ಕನ್ನಡ ಪಟ್ಟಿ ಕೈಗಿಟ್ಟೆ. ಅದನ್ನು ಅವರು ಬಹಳ ಹೊತ್ತು ಓದಿದರು. ಬೇರೆಯಾದ ಗಂಡಸರ ದುಃಖ ಕೇಳುವವರು ನಮ್ಮಲ್ಲಿ ಕಡಿಮೆ, ಮದ್ಯದಂಗಡಿ ಬಿಟ್ಟರೆ.

ಕಾನೂನಿನ ಮಾತಿಗೆ ಬಂದರೆ, 1956ರ ಹಿಂದೂ ಅಪ್ರಾಪ್ತತೆ ಮತ್ತು ಪೋಷಕತ್ವ ಕಾಯ್ದೆಯಂತೆ ಐದು ತುಂಬದ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರುತ್ತದೆ. 1890ರ ಪೋಷಕರು ಮತ್ತು ಪೋಷಿತರ ಕಾಯ್ದೆ ತಿಳಿವಳಿಕೆ ಬಂದ ಮಗುವಿನ ಇಷ್ಟವನ್ನು ಗಣಿಸಬಹುದು ಎನ್ನುತ್ತದೆ. ಭಟ್ಕಳದ ನವಾಯತರು ಶಾಫಿ ಪಂಥದವರು. ಆ ಪಂಥದ ಸಾಂಪ್ರದಾಯಿಕ ನಿಯಮದಲ್ಲೂ ಏಳರ ಆಸುಪಾಸಿನ ಮಗುವಿಗೆ ಆಯ್ಕೆಯ ಅವಕಾಶವಿದೆ. ಕೇಳುವುದು ನ್ಯಾಯವೇ. ಆದರೆ ಕೇಳಬೇಕಾದವರು ನ್ಯಾಯಾಧೀಶರು, ಹಿರಿಯರು. ಮನೆಯ ಜಗಲಿಯಲ್ಲಿ ಮಾವಂದಿರು, ಚಿಕ್ಕಮ್ಮಂದಿರು ಸುತ್ತ ಕೂತು ‘ನಿಂಗೆ ಯಾರು ಬೇಕು?’ ಎಂದು ದಿನಾ ಕೇಳಿದರೆ ಮಗು ಎದುರಿಗಿದ್ದವರ ಹೆಸರು ಹೇಳುತ್ತದೆ. ‘ಫೀಸು ನಿನ್ನಪ್ಪನ ಹತ್ರ ಕೇಳು’ ಎಂದು ಮಗುವನ್ನೇ ವಸೂಲಿಗೆ ಕಳಿಸುವವರ ಬಗ್ಗೆ ನನಗೆ ಸಹನೆಯಿಲ್ಲ.

ಇವೆಲ್ಲಕ್ಕಿಂತ ದೊಡ್ಡ ಜಗಳ ಚೌತಿಯದು. ನಾನು ನೋಡಿದ ಕೋರ್ಟಿನ ಆದೇಶಗಳಲ್ಲಿ ದಸರಾ ರಜೆ, ಬೇಸಿಗೆ ರಜೆ ಅರ್ಧರ್ಧ ಎಂದಿರುತ್ತಿತ್ತು, ಚೌತಿಯ ಹೆಸರೇ ಇರುತ್ತಿರಲಿಲ್ಲ. ಮುಂಬೈಯಿಂದಲೂ ಮಂದಿ ರೈಲು ಹತ್ತಿ ಮನೆಗೆ ಬರುವ ಹಬ್ಬದಲ್ಲಿ ಮೊಮ್ಮಗ ಯಾರ ಮನೆಯ ಫಲಾವಳಿಯ ಕೆಳಗೆ ನಿಲ್ಲಬೇಕು? ಈ ಸಂಕಟದಲ್ಲಿ ಹೆಚ್ಚು ನೋಯುವವಳು ಅಪ್ಪನ ಕಡೆಯ ಅಜ್ಜಿ, ಯಾರೂ ಲೆಕ್ಕಕ್ಕೆ ಹಿಡಿಯದವಳು. ಕುಮಟಾದ ಒಂದು ಜೋಡಿ ಗಣಪತಿ ಕೂರಿಸುವಾಗ ಮಗು ಒಂದು ಮನೆಯಲ್ಲಿ, ಮರುದಿನ ನೀರಿಗೆ ಬಿಡುವಾಗ ಇನ್ನೊಂದು ಮನೆಯಲ್ಲಿ, ವರ್ಷ ಬಿಟ್ಟು ವರ್ಷ ಅದಲುಬದಲು ಎಂದು ಒಪ್ಪಿಕೊಂಡಿತು. ಬಾಯಿಮಾತಿನ ಒಪ್ಪಂದ ಮೊದಲ ವರ್ಷವೇ ಮುರಿಯಿತು, ಕಾಗದದ ಮೇಲೆ ಬಂದ ಮೇಲೆ ನಿಂತಿತು. ಬರೆಸಲು ದುಡ್ಡಿಲ್ಲ ಎನ್ನುವ ತಾಯಂದಿರು ತಾಲೂಕಿನ ಕೋರ್ಟಿನಲ್ಲಿ ಕಾನೂನು ಸೇವಾ ಸಮಿತಿಯನ್ನು ಕೇಳಬೇಕು. 1987ರ ಕಾಯ್ದೆಯಂತೆ ಹೆಂಗಸರಿಗೆ, ಮಕ್ಕಳಿಗೆ ಅಲ್ಲಿ ವಕೀಲರ ನೆರವು ಪುಕ್ಕಟೆ, ಆದಾಯ ಎಷ್ಟೇ ಇರಲಿ.